ಪುಸ್ತಕದಲ್ಲಿ ಇಪ್ಪತ್ತೆಂಟು, ಬಟ್ಟೆಯಲ್ಲಿ ಇಪ್ಪತ್ತಾರೂವರೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಅಂತ ನಿಮ್ಮನ್ನೇ ಕೇಳುತ್ತೇನೆ. ಆಸ್ಪತ್ರೆಯಿಂದ ಶುರು ಮಾಡಿದರೆ ನೀವು ಪುಟ ತಿರುವಿಬಿಡುತ್ತೀರಿ. ಆರು ವರ್ಷದ ಹುಡುಗಿ, ತಲೆಯೊಳಗೆ ಗಡ್ಡೆ ಅಂದ ಕೂಡಲೇ ಅರ್ಧ ಜನ ಕರವಸ್ತ್ರ ಹುಡುಕುತ್ತಾರೆ, ಇನ್ನರ್ಧ ಜನ ಎದ್ದು ಹೋಗಿ ಟೀವಿ ಹಾಕುತ್ತಾರೆ. ನನಗೆ ಎರಡೂ ಬೇಡ. ಈ ಕಥೆಯಲ್ಲಿ ಹುಡುಗಿ ಸಾಯುವುದಿಲ್ಲ. ಹೇಳಿಬಿಟ್ಟೆ. ಇನ್ನು ಬೆನ್ನು ಒರಗಿಸಿ ಓದಿ.

(ಮೊದಲ ಪ್ಯಾರಾದಲ್ಲೇ ಗುಟ್ಟು ಬಿಟ್ಟುಕೊಡುವವಳು ಎಂಥಾ ಕಥೆಗಾರ್ತಿ ಅಂತೀರೇನೋ. ಗುಟ್ಟು ಅದಲ್ಲ, ಬೇರೆ ಇದೆ. ಅದು ಒಂದೂವರೆ ಇಂಚಿನದು.)

ಆದ್ದರಿಂದ ದರ್ಜಿಯ ಅಂಗಡಿಯಿಂದ ಶುರು.

೨

ಬರ್ ದುಬೈಯಲ್ಲಿ ಬಟ್ಟೆ ಅಂಗಡಿಗಳ ಸಾಲು ಮುಗಿದು ಗಲ್ಲಿ ಕಿರಿದಾಗುವಲ್ಲಿ ನಿಝಾಮುದ್ದೀನ್ ಮಾಸ್ಟರ ಲೇಡೀಸ್ ಟೈಲರಿಂಗ್ ಇದೆ. ಭಟ್ಕಳದವರು. ಮನೆಯಲ್ಲಿ ನವಾಯತಿ, ಗಿರಾಕಿಗಳ ಹತ್ತಿರ ಹಿಂದಿ, ಮಂಗಳೂರು ಕಡೆಯವರು ಬಂದರೆ ಕನ್ನಡ. ಐವತ್ತೈದು ದಾಟಿದೆ. ಕೊರಳಲ್ಲಿ ಸದಾ ಟೇಪು. ನಮಾಜಿಗೆ ಹೋಗುವಾಗ ಮಾತ್ರ ತೆಗೆದಿಡುತ್ತಾರೆ, ಅದನ್ನೂ ಕೆಲವೊಮ್ಮೆ ಮರೆಯುತ್ತಾರೆ.

ಅವರ ಕೆಲಸಕ್ಕೆ ಒಂದು ಕ್ರಮ ಉಂಟು. ಅಳತೆ ತೆಗೆಯುವಾಗ ಸಂಖ್ಯೆಯನ್ನು ಗಟ್ಟಿಯಾಗಿ ಕೂಗುತ್ತಾರೆ, ಹೊಲಿಸುವವರ ಕಿವಿಗೆ ಬೀಳಲಿ ಅಂತ. ಕೂಗಿದ್ದನ್ನು ಉದ್ದನೆಯ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ. ಪ್ರತಿ ಮನೆಗೆ ಒಂದು ಪುಟ. ಕತ್ತರಿಸುವ ಹೊತ್ತಿಗೆ ಅದೇ ಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಬರೆದುಕೊಳ್ಳುತ್ತಾರೆ. ಪೆನ್ಸಿಲಿನದು ಉಳಿಯುತ್ತದೆ, ಸುಣ್ಣದ್ದು ಮೊದಲ ಒಗೆತಕ್ಕೆ ಹೋಗುತ್ತದೆ. ಮಕ್ಕಳ ಅಳತೆಯಾದರೆ ಸಂಖ್ಯೆಗೆ ಮೊದಲು ‘ಮಾಶಾ ಅಲ್ಲಾಹ್’ ಅನ್ನುತ್ತಾರೆ, ಕಣ್ಣು ಬೀಳದಿರಲಿ ಅಂತ.

ಆ ಪುಸ್ತಕದಲ್ಲಿ ಫೆಲ್ಸಿಯ ಪುಟವೂ ಇದೆ. ಫೆಲ್ಸಿ ಹೋಟೆಲೊಂದರ ಫ್ರಂಟ್ ಡೆಸ್ಕಿನಲ್ಲಿ ಕೆಲಸ ಮಾಡುತ್ತಾಳೆ. ಗಂಡ ಲಿಡ್ವಿನ್‌ಗೆ ರಾಸ್ ಅಲ್ ಖೋರಿನಲ್ಲಿ ಕಾರು ರಿಪೇರಿಯ ಗ್ಯಾರೇಜ್. ಮದುವೆಯ ರವಿಕೆಯಿಂದ ಹಿಡಿದು ಆ ಮನೆಯ ಬಟ್ಟೆಯೆಲ್ಲಾ ಮಾಸ್ಟರದ್ದೇ ಕೈ. ಮಗಳು ಡೆಲ್ಫಿನ್ ಹುಟ್ಟಿದ ಮೇಲೆ ಪ್ರತಿ ಡಿಸೆಂಬರಿಗೆ ಅವಳಿಗೊಂದು ಕ್ರಿಸ್‌ಮಸ್ ಫ್ರಾಕು.

ಒಂದು ವರ್ಷ ಮಾತ್ರ ಫ್ರಾಕು ಇರಲಿಲ್ಲ. ಎರಡು ಸಾವಿರದ ಹನ್ನೊಂದು. ಆ ವರ್ಷ ಊರ ಕಡೆ ಆಸ್ಪತ್ರೆ, ಆಪರೇಷನ್, ತಲೆಗೂ ಬೆನ್ನಿಗೂ ರೇಡಿಯೇಶನ್, ಆಮೇಲೆ ಕೀಮೋ. (ನೋಡಿ, ಒಂದೇ ಸಾಲಿನಲ್ಲಿ ಮುಗಿಸಿದೆ. ಅವರಿಗೆ ಮುಗಿಸಲಿಕ್ಕೆ ಹದಿನಾಲ್ಕು ತಿಂಗಳು ಬೇಕಾಯಿತು.) ಹನ್ನೆರಡರ ಡಿಸೆಂಬರಿಗೆ ಡೆಲ್ಫಿನ್ ದುಬೈಗೆ ವಾಪಸು ಬಂದಳು. ಉಣ್ಣೆಯ ಟೋಪಿ, ಏಳು ವರ್ಷ, ಫ್ರಾಕಿನ ಉದ್ದ ಇಪ್ಪತ್ತಾರು ಇಂಚು.

೩

ಮರುವರ್ಷದ ಡಿಸೆಂಬರಿನಲ್ಲಿ ಮಾಸ್ಟರು ಭುಜದಿಂದ ಮಂಡಿಯವರೆಗೆ ಟೇಪು ಬಿಟ್ಟು ಕೂಗಿದರು: “ಮಾಶಾ ಅಲ್ಲಾಹ್, ಇಪ್ಪತ್ತಾರೂ ಕಾಲು!”

“ಹೋದ ವರ್ಷ ಎಷ್ಟಿತ್ತು ಮಾಸ್ಟರ್?” ಅಂದಳು ಫೆಲ್ಸಿ.

“ಇಪ್ಪತ್ತಾರು.”

ಫೆಲ್ಸಿ ಮಗಳ ತಲೆಯ ಮೇಲಿನ ಟೋಪಿ ಸರಿ ಮಾಡಿದಳು. ಅದು ಸರಿಯಾಗಿಯೇ ಇತ್ತು. ಮತ್ತೊಮ್ಮೆ ಸರಿ ಮಾಡಿದಳು.

ಮಾಸ್ಟರಿಗೆ ನೋಡಲಾಗಲಿಲ್ಲ. “ಅರೆ, ಟೇಪು ಮಡಚಿಕೊಂಡಿದೆ ಮಾರಾಯ್ರೆ!” ಅಂತ ಟೇಪು ಕೊಡವಿ ಮತ್ತೆ ಹಿಡಿದರು. “ಇಪ್ಪತ್ತೇಳು! ಪೂರಾ ಒಂದು ಇಂಚು ಬೆಳೆದಿದ್ದಾಳೆ ನಿಮ್ಮ ರಾಣಿ.”

ಫೆಲ್ಸಿ ನಕ್ಕಳು. ಎರಡು ವರ್ಷದಿಂದ ಆ ಮುಖದ ಮೇಲೆ ಇರದ ನಗು ಅದು. ಪುಸ್ತಕದಲ್ಲಿ ಇಪ್ಪತ್ತೇಳು ಅಂತ ಬರೆದಾಯಿತು. ಬಟ್ಟೆಯ ಮೇಲೆ ಸುಣ್ಣದಲ್ಲಿ ಇಪ್ಪತ್ತಾರೂ ಕಾಲು. ಉಳಿದ ಮುಕ್ಕಾಲು ಇಂಚು ಕೆಳಗಿನ ಮಡಿಕೆಯೊಳಗೆ ಹೋಗಿ ಮಲಗಿತು.

ಹದಿನಾಲ್ಕರ ಡಿಸೆಂಬರಿನಲ್ಲಿ ಟೇಪು ಹೇಳಿದ್ದು ಇಪ್ಪತ್ತಾರೂವರೆ, ಮಾಸ್ಟರು ಕೂಗಿದ್ದು ಇಪ್ಪತ್ತೆಂಟು. ಈ ಸಲ ಮಡಚಿದ ಟೇಪಿನ ನಾಟಕವೂ ಬೇಕಾಗಲಿಲ್ಲ. ಒಂದು ಸಲ ಕೂಗಿದ ಬಾಯಿಗೆ ಎರಡನೇ ಸಲ ಸುಲಭ.

ಆ ಸಲ ಡೆಲ್ಫಿನ್ ಒಂದು ಮಾತು ಕೇಳಿದ್ದಳು: “ಮಾಸ್ಟರ್ ಅಂಕಲ್, ಫುಲ್ ಸ್ಲೀವ್ಸ್ ಪ್ಲೀಸ್. ಆಂಡ್ ಲೈನಿಂಗ್. ಐ ಆಮ್ ಆಲ್ವೇಸ್ ಕೋಲ್ಡ್.” ದುಬೈಯಲ್ಲಿ ಚಳಿ ಅನ್ನುವ ಹುಡುಗಿ! ಫೆಲ್ಸಿ ಅದನ್ನು ಫ್ಯಾಶನ್ ಅಂದುಕೊಂಡಳು. ಮಾಸ್ಟರು ಹಾಗಂದುಕೊಳ್ಳಲಿಲ್ಲ. ಮೈಗಳನ್ನು ಮೂವತ್ತು ವರ್ಷ ಅಳೆದ ಕೈ ಅದು. ಆದರೂ ಲೈನಿಂಗಿನ ಬಟ್ಟೆ ಹುಡುಕಲು ಹೋದರು.

೪

“ನಿಲ್ಲಿಸಿ,” ಅಂದರು ಮಾಸ್ಟರು. ನನಗೆ. “ಎಂತ ಇದು? ನನ್ನನ್ನು ಸುಳ್ಳ ಮಾಡಿ ಹಾಕಿದ್ರಲ್ಲ!”

“ನೀವು ಸುಳ್ಳು ಹೇಳಿದ್ರಿ ತಾನೇ?”

“ಹೇಳಿದೆ. ಆದ್ರೆ ಸುಳ್ಳ ಅಲ್ಲ ನಾನು. ಆ ಹೆಂಗಸಿನ ಮುಖ ನೀವು ನೋಡ್ಲಿಲ್ಲ.”

“ನಾನೇ ಬರೆದದ್ದು ಮಾಸ್ಟರೇ ಆ ಮುಖ.”

“ಬರೆಯೋದು ಬೇರೆ. ಎದುರು ನಿಲ್ಲೋದು ಬೇರೆ.”

ಮುಂದಕ್ಕೆ ಹೋಗುತ್ತೇನೆ.

೫ (ಪಾಠ. ಬೇಡವಾದವರು ಆರಕ್ಕೆ ಹೋಗಬಹುದು. ಹೋದರೆ ವಾಪಸು ಬರಬೇಕಾಗುತ್ತದೆ, ಹೇಳಿದ್ದೇನೆ.)

ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿ ಇದೆ. ಪಿಟ್ಯುಟರಿ ಅಂತಾರೆ. ಮೈ ಬೆಳೆಯಬೇಕು, ಬೆಚ್ಚಗಿರಬೇಕು, ಜ್ವರ ಬಂದರೆ ತಡೆದುಕೊಳ್ಳಬೇಕು, ಹುಡುಗಿ ಸಮಯಕ್ಕೆ ಸರಿಯಾಗಿ ದೊಡ್ಡವಳಾಗಬೇಕು ಅಂತ ಹಾರ್ಮೋನುಗಳ ಮೂಲಕ ಅಪ್ಪಣೆ ಕೊಡುವುದು ಅದೇ. ಗಡ್ಡೆಯನ್ನು ಸುಡಲು ಬಿಟ್ಟ ಕಿರಣ ಅದಕ್ಕೂ ತಗಲುತ್ತದೆ. ಆದರೆ ಅದು ಆ ದಿನವೇ ಕೆಡುವುದಿಲ್ಲ. ವರ್ಷ ಕಳೆದು, ಎರಡು ಮೂರು ವರ್ಷ ಕಳೆದು, ಒಂದೊಂದೇ ಕೆಲಸ ಬಿಡುತ್ತಾ ಬರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಮೊದಲು ನಿಲ್ಲುವುದು ಬೆಳವಣಿಗೆ. ಥೈರಾಯ್ಡ್ ಕಡಿಮೆಯಾದರೆ ಚಳಿ, ನಿದ್ದೆ, ಸುಸ್ತು. ಕೆಲವು ಹುಡುಗಿಯರು ಬೇಗನೇ ಮೈನೆರೆಯುತ್ತಾರೆ, ಮೂಳೆಯ ತುದಿಗಳು ಮುಚ್ಚಿಕೊಳ್ಳುತ್ತವೆ. ಮುಚ್ಚಿದ ಮೇಲೆ ಯಾವ ಔಷಧ ಕೊಟ್ಟರೂ ಎತ್ತರ ಬಾರದು.

ಸ್ಕ್ಯಾನು ಗಡ್ಡೆಯನ್ನು ಹುಡುಕುತ್ತದೆ, ಅಷ್ಟೇ. ಗ್ರಂಥಿ ಕೆಲಸ ಮಾಡುತ್ತಿದೆಯೋ ಅಂತ ತಿಳಿಯಲು ರಕ್ತ ನೋಡಬೇಕು, ಎತ್ತರ ಅಳೆಯಬೇಕು. ಆರಾರು ತಿಂಗಳಿಗೆ, ವರ್ಷಗಟ್ಟಲೆ. ಊರಿನ ಆಸ್ಪತ್ರೆಯವರು ಡಿಸ್‌ಚಾರ್ಜ್ ಕಾಗದದ ಎರಡನೇ ಪುಟದಲ್ಲಿ ಇದನ್ನೇ ಬರೆದಿದ್ದರು. ಆ ಮನೆಯಲ್ಲಿ, ಗಡ್ಡೆ ಹೋಗಿದೆ ಅಂತ ಬರೆದಿದ್ದ ಮೊದಲ ಪುಟವನ್ನು ಮಾತ್ರ ಪ್ಲಾಸ್ಟಿಕ್ ಹಾಕಿಸಿ ಇಟ್ಟಿದ್ದರು. ಪ್ರತಿ ಸ್ಕ್ಯಾನಿನ ಮರುದಿನ ಲಿಡ್ವಿನ್ ಗ್ಯಾರೇಜಿನಲ್ಲಿ ಎಲ್ಲರಿಗೂ ಜಿಲೇಬಿ ಹಂಚಿ ಹೇಳುತ್ತಿದ್ದ: “ಸ್ಕ್ಯಾನ್ ಕ್ಲಿಯರ್, ಖಲಾಸ್!”

ಪಾಠ ಮುಗಿಯಿತು. ಪರೀಕ್ಷೆ ಇಲ್ಲ.

೬

ಎರಡು ಸಾವಿರದ ಹದಿನೈದು, ನವೆಂಬರ್, ಭಾನುವಾರ ಸಂಜೆ. ಅಂಗಡಿಯಲ್ಲಿ ಕ್ರಿಸ್‌ಮಸ್ ಆರ್ಡರುಗಳ ರಾಶಿ. ಫೆಲ್ಸಿ ಮಗಳ ಕೈ ಹಿಡಿದು ಒಳಗೆ ಬಂದಳು. ಡೆಲ್ಫಿನಳಿಗೆ ಈಗ ಹತ್ತು. ಸ್ವೆಟರ್ ಹಾಕಿದ್ದಾಳೆ. ಬಂದವಳೇ ಬಟ್ಟೆಯ ಥಾನಿಗೆ ಒರಗಿ ಕಣ್ಣು ಮುಚ್ಚಿದಳು.

“ಮಾಸ್ಟರ್, ನಿಮ್ಮ ಪುಸ್ತಕ ಕೊಡಿ. ಫೋಟೋ ತೆಗೀಬೇಕು.”

“ಎಂತಕ್ಕೆ ಫೆಲ್ಸಿ ಬಾಯಿ?”

“ಸ್ಕೂಲಿನ ನರ್ಸಿಗೆ ತೋರಿಸ್ಲಿಕ್ಕೆ. ಸಿಲಿಕಾನ್ ಓಯಸಿಸ್‌ನಲ್ಲಿ ಹೊಸ ಸ್ಕೂಲ್ ಅಲ್ವಾ, ಈ ನರ್ಸ್ ಭಾರೀ ಹುಷಾರಂತೆ. ಹಳೇ ಸ್ಕೂಲಿನ ಕಾರ್ಡ್ ನೋಡಿ, ವರ್ಷದಿಂದ ಡೆಲ್ಫಿನ್ ಬೆಳೆದೇ ಇಲ್ಲ, ಹಾರ್ಮೋನ್ ಡಾಕ್ಟರಿಗೆ ತೋರಿಸಿ ಅಂತ ಚೀಟಿ ಕಳಿಸಿದ್ದಾಳೆ. ತಾನೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ಕೂಡ ತಗೊಂಡಿದ್ದಾಳೆ! ನಾಳೆ ಎರಡು ಗಂಟೆಗೆ.” ಫೆಲ್ಸಿ ಫೋನು ತೆಗೆದಳು. “ಇನ್ನೊಂದು ಆಸ್ಪತ್ರೆ, ಇನ್ನೊಂದು ಸೂಜಿ, ನನ್ನಿಂದಾಗೋದಿಲ್ಲ. ಹೋದ ಎರಡು ವರ್ಷದಲ್ಲಿ ಎರಡು ಇಂಚು ಬೆಳೆದಿದ್ದಾಳೆ ಅಂತ ತೋರಿಸ್ತೇನೆ, ಈಗಲೇ ಕ್ಯಾನ್ಸಲ್ ಮಾಡ್ತೇನೆ. ಯಲ್ಲಾ ಮಾಸ್ಟರ್, ಬೇಗ ಕೊಡಿ.”

ಮಾಸ್ಟರ ಕೈ ಪುಸ್ತಕದ ಮೇಲಿತ್ತು.

ಇಲ್ಲಿ ಕಥೆ ನಿಂತಿದೆ. ಓದುಗರೇ, ಈ ಪುಸ್ತಕ ಈ ಕೈಯಿಂದ ಆ ಕೈಗೆ ಹೋದರೆ ಡಾಕ್ಟರ ಬಾಗಿಲು ಮುಚ್ಚಿತು. ಮೂಳೆ ಯಾರಿಗೂ ಕಾಯುವುದಿಲ್ಲ.

೬ (ಅ). ಹೊಡೆದು ಹಾಕಿದ್ದು

ಮಾಸ್ಟರು ಪುಸ್ತಕ ಕೊಟ್ಟರು. ಫೆಲ್ಸಿ ಫೋಟೋ ತೆಗೆದಳು, ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದಳು. ಮಾಸ್ಟರು ಚಹಾ ತರಿಸಿದರು. ವರ್ಷಗಳು ಉರುಳಿದವು.

(‘ವರ್ಷಗಳು ಉರುಳಿದವು’ ಅಂತ ಬರೆದ ಕೂಡಲೇ ನನಗೇ ನಾಚಿಕೆಯಾಯಿತು. ಹರಿದು ಹಾಕಿದೆ.)

೬ (ಆ). ಇದನ್ನು ಹರಿಯಲು ಮನಸ್ಸು ಬರಲಿಲ್ಲ, ಆದರೂ

ಫೆಲ್ಸಿ ಪುಟದ ಮೇಲೆ ಬೆರಳಾಡಿಸಿದಳು. ಉದ್ದ: ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತೆಂಟು. ಪಕ್ಕದಲ್ಲಿ ತೋಳು: ಹದಿನೈದು, ಹದಿನೈದು, ಹದಿನೈದೂ ಕಾಲು. ತೋಳಿನಲ್ಲಿ ಮಾಸ್ಟರು ಸುಳ್ಳು ಬರೆದಿರಲಿಲ್ಲ. ತೋಳು ಎಷ್ಟಾಯಿತು ಅಂತ ಯಾವ ತಾಯಿ ಕೇಳುತ್ತಾಳೆ? “ಇದೆಂತ ಮಾಸ್ಟರ್? ನನ್ನ ಮಗಳು ಕೆಳಗೆ ಮಾತ್ರ ಬೆಳೀತಾಳಾ?”

ಚೆನ್ನಾಗಿದೆ, ಅಲ್ಲವೇ? ಪತ್ತೇದಾರಿ ಕಥೆಯ ಹಾಗೆ. ನಾನು ಪೆನ್ನು ಕೆಳಗಿಟ್ಟು ಬೀಗುತ್ತಿದ್ದೆ. ಆಗ ಮಾಸ್ಟರು ಮತ್ತೆ ಬಾಯಿ ಹಾಕಿದರು.

“ಬೇಡ. ಇದು ತೆಗೀರಿ.”

“ಯಾಕೆ? ಸತ್ಯ ಹೊರಗೆ ಬಂತಲ್ಲ!”

“ಬಂದದ್ದಲ್ಲ, ಸಿಕ್ಕಿಬಿದ್ದದ್ದು. ನಾನು ಕೂಗಿ ಹೇಳಿದ ಸುಳ್ಳು. ನಾನೇ ಕೂಗಿ ತೆಗೀಬೇಕು.”

“ಗಿರಾಕಿ ಹೋಗ್ತಾಳೆ ನೋಡಿ. ಹದಿಮೂರು ವರ್ಷದ ಗಿರಾಕಿ. ಗಲ್ಲಿ ತುಂಬಾ ಹೇಳ್ತಾಳೆ.”

“ಹೇಳ್ಲಿ. ನೀವು ಬರೀರಿ.”

ಪಾತ್ರಗಳಿಗೆ ಸದರ ಕೊಟ್ಟರೆ ಹೀಗೇ. ಆದರೆ ಅವರು ಹೇಳುವುದು ಸರಿ. ಬರೆಯುತ್ತೇನೆ.

೬ (ಇ)

ಮಾಸ್ಟರು ಪುಸ್ತಕ ಕೊಡಲಿಲ್ಲ. ಕೊರಳಿನಿಂದ ಟೇಪು ಎಳೆದರು.

“ಕೊಡ್ತೇನೆ. ಮೊದಲು ಒಂದು ಅಳತೆ ಉಂಟು. ಬಾ ಮಗಾ ಇಲ್ಲಿ, ನೆಟ್ಟಗೆ ನಿಲ್ಲು.”

ಡೆಲ್ಫಿನ್ ಕಣ್ಣುಜ್ಜುತ್ತಾ ಬಂದು ನಿಂತಳು. ಮಾಸ್ಟರು ಭುಜದ ಮೇಲೆ ಟೇಪಿನ ತುದಿ ಒತ್ತಿ ಹಿಡಿದು, ಮಂಡಿಯವರೆಗೆ ಬಿಟ್ಟು, ನೆಲಕ್ಕೆ ಕೂತು ಓದಿದರು. ಎದ್ದು ನಿಂತು, ಯಾವತ್ತಿನ ದನಿಯಲ್ಲೇ ಕೂಗಿದರು.

“ಮಾಶಾ ಅಲ್ಲಾಹ್. ಉದ್ದ, ಇಪ್ಪತ್ತಾರೂವರೆ.”

ಫೆಲ್ಸಿ ನಕ್ಕಳು. “ಟೇಪು ಮಡಚಿಕೊಂಡಿದೆ ಮಾಸ್ಟರ್. ಇನ್ನೊಮ್ಮೆ ಹಿಡೀರಿ.”

“ಮಡಚಿಲ್ಲ ಫೆಲ್ಸಿ ಬಾಯಿ. ಆವತ್ತೂ ಮಡಚಿರಲಿಲ್ಲ.”

ಹೊಲಿಗೆ ಮಿಶಿನುಗಳ ಸದ್ದು ನಿಂತಿತು ಅಂತ ಬರೆಯಬೇಕು ಅಂತ ನನಗೆ ಆಸೆ. ನಿಲ್ಲಲಿಲ್ಲ. ನವೆಂಬರಿನಲ್ಲಿ ಬರ್ ದುಬೈಯ ಮಿಶಿನು ಯಾರ ಸಂಕಟಕ್ಕೂ ನಿಲ್ಲುವುದಿಲ್ಲ. ಅದರ ಗದ್ದಲದ ಮೇಲೆ ಫೆಲ್ಸಿ ಕೂಗಬೇಕಾಯಿತು.

“ಅಂದ್ರೆ? ಎರಡು ವರ್ಷ ನನ್ನ ಮಗಳ ಹೆಸರಿನ ಎದುರು ಸುಳ್ಳು ಬರೆದ್ರಾ?”

“ಆವತ್ತು ನಿಮ್ಮ ಮುಖ ನೋಡಿ ಮನಸ್ಸು ತಡೀಲಿಲ್ಲ. ನಾನು...”

“ನನ್ನ ಮುಖ ಅಳೀಲಿಕ್ಕೆ ನಿಮಗೆ ಯಾರು ಹೇಳಿದ್ದು? ಫ್ರಾಕ್ ಅಳೀರಿ ಅಂದದ್ದು ನಾನು!”

“ಹೌದು.”

“ಹೌದಂತೆ! ಮಂಗಳೂರಿಗೆ ಫೋನ್ ಮಾಡಿ ಮಮ್ಮಿಗೆ ಹೇಳಿದ್ದೇನೆ, ಲಿಡ್ವಿನನ ಅಕ್ಕನಿಗೆ ಹೇಳಿದ್ದೇನೆ, ಇಗರ್ಜಿಯಲ್ಲಿ ಸಿಕ್ಕಿದವರಿಗೆಲ್ಲಾ ಹೇಳಿದ್ದೇನೆ, ಒಂದು ಇಂಚು ಬೆಳೆದ್ಲು, ಎರಡು ಇಂಚು ಬೆಳೆದ್ಲು ಅಂತ. ನೀವು ಕೊಟ್ಟ ಇಂಚಿಗೆ ನಾನು ಮೇಣದ ಬತ್ತಿ ಹಚ್ಚಿದ್ದೇನೆ ಮಾಸ್ಟರ್!”

ಮಾಸ್ಟರು ತಲೆ ತಗ್ಗಿಸಲಿಲ್ಲ. ಫ್ರಾಕಿನ ಅಂಚು ಹಿಡಿದು ತೋರಿಸಿದರು. ಹೋದ ವರ್ಷದ್ದು, ಡೆಲ್ಫಿನ್ ಸ್ವೆಟರಿನ ಕೆಳಗೆ ಹಾಕಿದ್ದು ಅದೇ. “ಮಡಿಕೆ ನೋಡಿ. ಬೆಳೀಲಿ, ಬಿಚ್ಚುವ ಅಂತ ಇಟ್ಟದ್ದು. ಪ್ರತಿ ಸಲ ಬಂದಾಗ ನೋಡ್ತಿದ್ದೆ. ಬಿಚ್ಚುವ ಕೆಲಸ ಬರ್ಲೇ ಇಲ್ಲ. ಅವಳಿಗೆ ಚಳಿ, ಅವಳಿಗೆ ನಿದ್ದೆ, ಅದೂ ನೋಡ್ತಿದ್ದೆ. ನನ್ನ ಬಾಯಿ ತಪ್ಪು ಮಾಡ್ತು. ನಿಮ್ಮ ಸಿಟ್ಟು ನನಗಿರ್ಲಿ, ನಾಳೆ ಎರಡು ಗಂಟೆಯದ್ದು ಮಾತ್ರ ಕ್ಯಾನ್ಸಲ್ ಮಾಡ್ಬೇಡಿ.”

ಫೆಲ್ಸಿ ಸ್ಟೂಲಿನ ಮೇಲೆ ಕೂತಳು. ಕೂಗು ಮುಗಿದಿತ್ತು. ಮಗಳ ಕಾಲಿನತ್ತ ನೋಡಿದಳು.

“ಮೂರು ವರ್ಷದಿಂದ ಒಂದೇ ನಂಬರಿನ ಶೂ ತಗೊಳ್ತಿದ್ದೇನೆ ಮಾಸ್ಟರ್,” ಅಂದಳು. “ಅಂಗಡಿಯವ, ಮಗಳಿಗೆ ಎಷ್ಟು ವರ್ಷ ಅಂತ ಕೇಳ್ತಾನೆ. ಇದು ಚಿಕ್ಕವಳಿಗೆ ಅಂತ ಹೇಳ್ತೇನೆ. ನನಗೆ ಚಿಕ್ಕವಳು ಎಲ್ಲಿದ್ದಾಳೆ?”

ಇದು ನನಗೂ ಗೊತ್ತಿರಲಿಲ್ಲ. ಹೇಳದೇ ಕೇಳದೇ ಫೆಲ್ಸಿ ತಾನೇ ತಂದ ಮಾತು ಇದು; ಹಾಗೆಯೇ ಇಟ್ಟಿದ್ದೇನೆ.

ಆಮೇಲೆ ಅವಳು ಎದ್ದು ಮಗಳ ಸ್ವೆಟರಿನ ಗುಂಡಿ ಹಾಕಿ, ಬಾಗಿಲ ಹತ್ತಿರ ತಿರುಗಿದಳು. ದನಿಯಲ್ಲಿ ಫ್ರಂಟ್ ಡೆಸ್ಕಿನ ಗತ್ತು ವಾಪಸು ಬಂದಿತ್ತು. “ನಾಳೆ ಒಂದರಿಂದ ನಾಲ್ಕು ನಿಮ್ಮ ಅಂಗಡಿ ಬಂದ್ ತಾನೇ? ಒಂದೂವರೆಗೆ ರೆಡಿ ಇರಿ. ಲಿಡ್ವಿನ್ ಕಾರು ತರ್ತಾನೆ. ನನಗೆ ಹೇಳಿದ ಸುಳ್ಳನ್ನು ಡಾಕ್ಟರ ಎದುರು ನಿಮ್ಮ ಬಾಯಲ್ಲೇ ಸರಿ ಮಾಡ್ಬೇಕು. ನಿಜವಾದ ನಂಬರ್, ಮೂರು ವರ್ಷದ್ದೂ.”

“ಸುಣ್ಣದಲ್ಲಿ ಬರೆದದ್ದು ಎಲ್ಲಾ ನೆನಪುಂಟು,” ಅಂದರು ಮಾಸ್ಟರು.

೭. ಮುಕ್ತಾಯಗಳು, ಆಯ್ದುಕೊಳ್ಳಿ

ಒಂದು: ಔಷಧ ಶುರುವಾಗುತ್ತದೆ. ಎರಡು ವರ್ಷ ಬಿಟ್ಟು ಎತ್ತರದ ಡೆಲ್ಫಿನ್ ಅಂಗಡಿಗೆ ಕೇಕು ತರುತ್ತಾಳೆ. ಮಾಸ್ಟರು ಕಣ್ಣೊರೆಸಿಕೊಳ್ಳುತ್ತಾರೆ.

“ನೋ, ಗ್ರ್ಯಾನಿ,” ಅಂದಳು ಡೆಲ್ಫಿನ್, ನನ್ನ ನರೆತ ತಲೆ ನೋಡಿ. ಇಷ್ಟು ಹೊತ್ತು ನನ್ನ ಹತ್ತಿರ ಮಾತಾಡಿರಲಿಲ್ಲ. “ಐ ಡೋಂಟ್ ವಾಂಟ್ ಟು ಬಿ ಟಾಲ್. ಐ ಜಸ್ಟ್ ಡೋಂಟ್ ವಾಂಟ್ ಟು ಬಿ ಸ್ಲೀಪಿ.”

ಎರಡು: ಡಾಕ್ಟರು ತಡವಾಯಿತು ಅನ್ನುತ್ತಾರೆ.

“ಅದು ಬರೆದ್ರೆ ನಿಮ್ಮ ಕೈ ಮುರೀತೇನೆ,” ಅಂದಳು ಫೆಲ್ಸಿ. ಹೆದರಿ ಬಿಟ್ಟೆ. ನಿಜ ಹೇಳಬೇಕೆಂದರೆ ಹತ್ತನೇ ವರ್ಷ ತಡವೇನೂ ಅಲ್ಲ. ನನಗೆ ನಾಟಕ ಬೇಕಿತ್ತು, ಅಷ್ಟೇ.

ಮೂರು: ಇದಕ್ಕೆ ಮುಕ್ತಾಯವೇ ಇಲ್ಲ, ಯಾಕೆಂದರೆ ಆರು ತಿಂಗಳಿಗೆ ಮತ್ತೆ ರಕ್ತ, ಮತ್ತೆ ಅಳತೆ, ಅದಾಗಿ ಆರು ತಿಂಗಳಿಗೆ ಮತ್ತೆ, ಅವಳು ದೊಡ್ಡವಳಾಗುವವರೆಗೆ, ಆದ ಮೇಲೂ. ಮಾಸ್ಟರಿಗೆ ಇದು ಹಿಡಿಸಿತು. “ಸರಿ ಉಂಟು. ಅಳತೆ ಒಂದೇ ಸಲ ತೆಗೆಯುವಂಥದ್ದಾ?”

೮

ಮರುದಿನ, ಹಾರ್ಮೋನ್ ಡಾಕ್ಟರ್ ಮನಾಲ್ ಅವರ ಕೋಣೆಯ ಹೊರಗೆ ಮೂರು ಕುರ್ಚಿ. ಒಂದರಲ್ಲಿ ಫೆಲ್ಸಿ, ಒಂದರಲ್ಲಿ ಡೆಲ್ಫಿನ್, ಒಂದರಲ್ಲಿ ಮಾಸ್ಟರು. ಲಿಡ್ವಿನ್ ಪಾರ್ಕಿಂಗ್ ಹುಡುಕುತ್ತಾ ಇನ್ನೂ ಕೆಳಗೇ ಸುತ್ತುತ್ತಿದ್ದಾನೆ. ಎದುರು ಕೂತ ಹೆಂಗಸರು ಮಾಸ್ಟರ ಕೊರಳನ್ನೇ ನೋಡುತ್ತಿದ್ದಾರೆ. ಟೇಪು ತೆಗೆಯಲು ಮರೆತಿದ್ದಾರೆ. ಫೆಲ್ಸಿಗೆ ಗೊತ್ತು, ಬೇಕೆಂದೇ ಹೇಳಿಲ್ಲ. ಅಷ್ಟಾದರೂ ಶಿಕ್ಷೆ ಬೇಡವೇ?

ರಿಸೆಪ್ಶನಿನವರು ಒಂದು ಫಾರಂ ಕೊಟ್ಟರು. ಫೆಲ್ಸಿಯ ಪೆನ್ನು ಬರೆಯಲಿಲ್ಲ. ಮಾಸ್ಟರ ಹತ್ತಿರ ಪೆನ್ಸಿಲು, ಪೆನ್ಸಿಲು ನಡೆಯುವುದಿಲ್ಲವಂತೆ. ಕೊನೆಗೆ ನನ್ನದನ್ನೇ ಕೊಟ್ಟೆ.

ಹೆಸರು, ಹುಟ್ಟಿದ ದಿನ, ಆಪರೇಷನ್ ಆದ ವರ್ಷ, ರೇಡಿಯೇಶನ್ ಎಷ್ಟು ದಿನ. ಫೆಲ್ಸಿ ಸರಸರ ಬರೆದಳು. ಕೊನೆಯ ಪ್ರಶ್ನೆಗೆ ಬಂದು ಕೈ ನಿಂತಿತು: ಬೆಳವಣಿಗೆಯಲ್ಲಿ ವ್ಯತ್ಯಾಸವನ್ನು ಮೊದಲು ಗಮನಿಸಿದವರು ಯಾರು?

“ನರ್ಸ್ ಅಂತ ಹಾಕಿ,” ಅಂದರು ಮಾಸ್ಟರು.

“ನರ್ಸಿಗಿಂತ ಎರಡು ವರ್ಷ ಮೊದಲು ನಿಮಗೆ ಗೊತ್ತಿತ್ತು.”

“ಹಾಗಾದ್ರೆ ಟೈಲರ್ ಅಂತ ಹಾಕಿ.”

“ನಿಮಗಿಂತ ಮೊದಲು ಶೂ ಅಂಗಡಿಯಲ್ಲಿ ನನಗೆ ಗೊತ್ತಿತ್ತು.” ಫೆಲ್ಸಿ ‘ತಾಯಿ’ ಅಂತ ಬರೆಯಲು ಹೋದಳು. ಬರೆಯಲಾಗಲಿಲ್ಲ.

ಡೆಲ್ಫಿನ್ ಇಬ್ಬರ ನಡುವಿನಿಂದ ಕೈ ಹಾಕಿ ಫಾರಂ ಎಳೆದುಕೊಂಡಳು. ಪೆನ್ನನ್ನೂ.

“ಗ್ರೇಡ್ ಟೂ ಅಸೆಂಬ್ಲಿಯಲ್ಲಿ ಐ ವಾಸ್ ಫೋರ್ತ್ ಇನ್ ದ ಲೈನ್,” ಅಂದಳು. ಶಾಲೆಯಲ್ಲಿ ಸಾಲು ಎತ್ತರದ ಪ್ರಕಾರ, ಗಿಡ್ಡವರು ಮುಂದೆ. “ಗ್ರೇಡ್ ತ್ರೀ, ಫಸ್ಟ್. ಗ್ರೇಡ್ ಫೋರ್, ಫಸ್ಟ್. ಈ ವರ್ಷ ಮಿಸ್ ನನ್ನನ್ನು ಗ್ರೇಡ್ ತ್ರೀ ಲೈನಿಗೆ ಕಳಿಸಿದ್ರು, ಬೈ ಮಿಸ್ಟೇಕ್. ಹೋಗಿ ನಿಂತೆ. ಅಲ್ಲಿಯೂ ಫಸ್ಟ್.”

“ನಮಗೆ ಹೇಳ್ಲಿಲ್ಲ ಯಾಕೆ ಪುತಾ?” ಅಂದಳು ಫೆಲ್ಸಿ.

“ಯೂ ಆಲ್ ವರ್ ಸೋ ಹ್ಯಾಪಿ ವಿತ್ ದ ಇಂಚ್.”

ಡೆಲ್ಫಿನ್ ಫಾರಂ ಮಡಿಲಲ್ಲಿಟ್ಟುಕೊಂಡು, ನಾಲಿಗೆ ತುದಿ ಹೊರಗೆ ಹಾಕಿ, ಕೊನೆಯ ಪ್ರಶ್ನೆಯ ಎದುರು ಇಂಗ್ಲಿಷಿನಲ್ಲಿ ಎರಡೇ ಅಕ್ಷರ ಬರೆದಳು. ‘ಮೀ.’ ಅದರ ಕೆಳಗೆ ಒಂದು ಗೆರೆಯನ್ನೂ ಎಳೆದಳು, ಯಾರೂ ಹೊಡೆದು ಹಾಕದ ಹಾಗೆ.

ಬಾಗಿಲು ತೆರೆಯಿತು. ಡಾಕ್ಟರ್ ಮನಾಲ್ ಅವಳ ಹೆಸರು ಹಿಡಿದು ಕರೆದರು. ಡೆಲ್ಫಿನ್ ಕುರ್ಚಿಯಿಂದ ಜಾರಿ ಇಳಿದು, ಫಾರಂ ಎದೆಗೊತ್ತಿಕೊಂಡು ಮೊದಲು ಒಳಗೆ ಹೋದಳು. ಹಿಂದೆ ಫೆಲ್ಸಿ. ಮಾಸ್ಟರು ಎದ್ದರು, ಅಂಗಿ ಸರಿ ಮಾಡಿಕೊಂಡರು, ಹೊಸ್ತಿಲಲ್ಲಿ ನಿಂತು ನನ್ನತ್ತ ತಿರುಗಿದರು.

“ಎಂತ ಸುಮ್ಮನೆ ಕೂತ್ರಿ? ಒಳಗೆ ಆಗೋದು ಬರೀರಿ!”

“ಯಾವುದರಲ್ಲಿ ಬರೀಲಿ ಮಾಸ್ಟರೇ? ಪೆನ್ನು ಅವಳು ತಗೊಂಡು ಹೋದ್ಲು.”